ನೀರಿನ ದಾರಿ ಹಿಡಿದು ಊರು ನೋಡೋದು: ಊರವರೇ ಸೇರಿ ಕೆರೆ, ವೀರಗಲ್ಲು, ಶಾಸನದ ನಡಿಗೆ ಮಾಡೋದು ಹೇಗೆ

"ನಮ್ಮೂರಲ್ಲಿ ನೋಡೋಕೆ ಏನಿದೆ ಸ್ವಾಮಿ, ಇದೇನು ಹಂಪಿನಾ ಬೇಲೂರಾ" ಅಂತ ಕೇಳೋರಿಗೇ ಇದನ್ನ ಬರೀತಿರೋದು. ಹಂಪಿ 1986ರಲ್ಲೇ ಯುನೆಸ್ಕೋ ಪಟ್ಟಿಗೆ ಹೋಯ್ತು, ಬೇಲೂರು ಹಳೇಬೀಡು ಸೋಮನಾಥಪುರ 2023ರಲ್ಲಿ ಸೇರಿದ್ವು, ಸಂತೋಷ, ಅವನ್ನ ನೋಡ್ಕೊಳ್ಳೋಕೆ ಇಲಾಖೆ ಇದೆ, ಟಿಕೆಟ್ ಕೌಂಟರ್ ಇದೆ, ಗೈಡುಗಳಿದಾರೆ. ಆದ್ರೆ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಕೆರೆ ಏರಿ ಪಕ್ಕ, ಹೊಲದ ಬದುವಲ್ಲಿ, ಹಳೇ ದೇವಸ್ಥಾನದ ಹಿಂದೆ ಒಂದಾದ್ರೂ ಕೆತ್ತಿದ ಕಲ್ಲು, ಹೋರಾಡಿ ಸತ್ತೋರ ನೆನಪಿಗೆ ನಿಲ್ಲಿಸಿದ ವೀರಗಲ್ಲೋ ಅಕ್ಷರ ಕೆತ್ತಿದ ಶಾಸನವೋ, ಬಿದ್ದಿರತ್ತೆ, ಅದನ್ನ ನೋಡೋಕೆ ಯಾರೂ ಬರಲ್ಲ, ಊರವರೂ ಅದರ ಮೇಲೆ ಬಟ್ಟೆ ಒಣಗಿಸ್ತಾ ಇರ್ತಾರೆ. ಆ ಕಲ್ಲನ್ನ, ಆ ಕೆರೆನ, ಅದರ ಸುತ್ತ ಇರೋ ನೆಲನ ಊರವರೇ ಒಂದು ಗುಂಪಾಗಿ ನೋಡೋದು ಹೇಗೆ ಅನ್ನೋದಷ್ಟೇ ಇಲ್ಲಿನ ವಿಷಯ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಹೆರಿಟೇಜ್ ವಾಕ್ ಅಂದ ತಕ್ಷಣ ಮೈಕ್, ಬ್ಯಾನರು, ಹೊರಗಿಂದ ಬಂದ ಭಾಷಣಕಾರರು, ಹಾರ ಶಾಲು ಅಂತ ಶುರುವಾದ್ರೆ ಅದು ಅಲ್ಲಿಗೇ ಮುಗೀತು. ಊರವರು ಕೇಳೋ ಜಾಗದಲ್ಲಿ ಕೂತ್ರೆ ಬಾಯಿ ಬಿಡಲ್ಲ, ಹೇಳೋ ಜಾಗದಲ್ಲಿ ನಿಲ್ಲಿಸಿದ್ರೆ ಮಾತು ನಿಲ್ಲಿಸೋದೇ ಕಷ್ಟ ಆಗತ್ತೆ. ಹಾಗಾಗಿ ಗೈಡ್ ಅಂತ ಒಬ್ಬರನ್ನ ಇಡ್ಬೇಡಿ, ಪ್ರತಿ ಜಾಗಕ್ಕೂ ಆ ಜಾಗ ಗೊತ್ತಿರೋರೇ ಮಾತಾಡ್ಲಿ.

ಯಾವ ದಾರಿಲಿ ನಡೀಬೇಕು

ಸಾಮಾನ್ಯವಾಗಿ ಏನ್ ಮಾಡ್ತಾರೆ ಅಂದ್ರೆ ದೇವಸ್ಥಾನದಿಂದ ದೇವಸ್ಥಾನಕ್ಕೆ ಹೋಗ್ತಾರೆ. ನಾನು ಹೇಳೋದು ನೀರು ಹಿಡಿದು ಹೋಗಿ. ಗುಡ್ಡದ ಮೇಲೆ ಬಿದ್ದ ಮಳೆ ಯಾವ ಹಳ್ಳದಲ್ಲಿ ಇಳೀತಿತ್ತು, ಯಾವ ಕಾಲುವೆಲಿ ಕೆರೆಗೆ ಬರ್ತಿತ್ತು, ಏರಿ ಎಲ್ಲಿಂದ ಎಲ್ಲಿಗೆ, ಗದ್ದೆಗೆ ನೀರು ಬಿಡೋ ತೂಬು ಎಷ್ಟಿದೆ, ಕೆರೆ ತುಂಬಿ ಕೋಡಿ ಬಿದ್ರೆ ನೀರು ಎಲ್ಲಿಗೆ ಹೋಗತ್ತೆ, ಕೆರೆ ನೀರುಣ್ಣೋ ಜಮೀನು ಅಂದ್ರೆ ಅಚ್ಚುಕಟ್ಟು ಎಲ್ಲಿ ಮುಗಿಯತ್ತೆ, ಈ ದಾರಿಲಿ ನಡೆದ್ರೆ ಊರಿನ ಹಳೇದೆಲ್ಲಾ ತಾನಾಗೇ ಸಿಗ್ತಾ ಹೋಗತ್ತೆ. ಕಾರಣ ಸರಳ, ನೀರಿದ್ದ ಕಡೆನೇ ಜನ ಕೂತ್ರು, ಜನ ಕೂತ ಕಡೆನೇ ಕಲ್ಲು ನಿಲ್ಲಿಸಿದ್ರು. ಚಿತ್ರದುರ್ಗದ ಪಕ್ಕ ಚಂದ್ರವಳ್ಳಿಲಿ ಕದಂಬರ ಮಯೂರಶರ್ಮನ ಶಾಸನ ಇದ್ಯಲ್ಲ, ಅದು ಕೆರೆ ಕಟ್ಟಿಸಿದ ವಿಷಯನೇ ಹೇಳೋದು. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಶಾಸನ ಕದಂಬರ ವಂಶದ ಕಥೆ ಅಷ್ಟುದ್ದ ಹೇಳಿ ಕೊನೆಗೆ ಬಂದು ನಿಲ್ಲೋದೂ ಕಾಕುಸ್ಥವರ್ಮ ಕಟ್ಟಿಸಿದ ಕೆರೆ ಹತ್ರನೇ. ರಾಜರುಗಳೇ ಕೆರೆ ಕಟ್ಟಿದ್ದನ್ನ ಕಲ್ಲಲ್ಲಿ ಬರೆಸಿ ಮೆರೀತಿದ್ರು ಅಂದ್ಮೇಲೆ ನಾವು ಅಲ್ಲಿಂದ್ಲೇ ಶುರು ಮಾಡೋದ್ರಲ್ಲಿ ತಪ್ಪೇನಿಲ್ಲ.

ಇನ್ನೊಂದು ಲಾಭ ಇದೆ. ದೇವಸ್ಥಾನ ಒಂದು ಕೇರಿದು ಆಗಿರ್ಬೋದು, ಎಲ್ಲರನ್ನೂ ಒಳಗೆ ಬಿಟ್ಟಿರದ ಇತಿಹಾಸನೂ ಅದಕ್ಕಿರ್ಬೋದು. ಕೆರೆ ವಿಷಯ ಬಂದ್ರೆ ಎಲ್ಲ ಕೇರಿಯವರ ಹತ್ರನೂ ಒಂದೊಂದು ತುಂಡು ಕಥೆ ಇರತ್ತೆ. ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡ್ಕೊಳ್ತಿದ್ದ ನೀರುಗಂಟಿ ಮನೆತನ ಸುಮಾರು ಊರುಗಳಲ್ಲಿ ದಲಿತರ ಕೇರಿದು. ಕೆರೆ ಬಗ್ಗೆ ಅವರಿಗೆ ಗೊತ್ತಿರೋವಷ್ಟು ಪಟೇಲರ ಮನೆಯವರಿಗೂ ಗೊತ್ತಿರಲ್ಲ. ಅವರನ್ನ ಮೊದಲನೇ ದಿನನೇ ಕರೀಬೇಕು, ಕೊನೇಲಿ ಫೋಟೋಗೆ ನಿಲ್ಲಿಸೋಕಲ್ಲ.

ಯಾವಾಗ

ಮಳೆಗಾಲದಲ್ಲಿ ಬೇಡವೇ ಬೇಡ. ಹುಲ್ಲು ಸೊಂಟದ ತನಕ ಬೆಳೆದಿರತ್ತೆ, ಕಲ್ಲು ಕಾಣಲ್ಲ, ಕಾಲಡಿ ಏನಿದೆ ಅಂತಾನೂ ಕಾಣಲ್ಲ. ಸುಗ್ಗಿ ಮುಗಿದು ಶಿವರಾತ್ರಿಯಿಂದ ಯುಗಾದಿ ಒಳಗಿನ ಟೈಮು ಒಳ್ಳೇದು, ಹುಲ್ಲು ಒಣಗಿರತ್ತೆ, ಜನಕ್ಕೆ ಬಿಡುವಿರತ್ತೆ, ಮುಖ್ಯವಾಗಿ ಕೆರೆ ನೀರು ಇಳಿದು ತೂಬಿನ ಕಂಬಗಳು ಬುಡದ ತನಕ ಕಾಣ್ತಾವೆ. ಏಪ್ರಿಲ್ 18 ವಿಶ್ವ ಪರಂಪರೆ ದಿನ ಅಂತ ಆವತ್ತೇ ಇಟ್ಕೊಳ್ಳೋರಿದಾರೆ, ಇಟ್ಕೊಳ್ಳಿ, ಆದ್ರೆ ಬಿಸಿಲು ನೋಡ್ಕೊಳ್ಳಿ, ಬೆಳಗ್ಗೆ ಆರೂವರೆಗೆ ಹೊರಟು ಹತ್ತರೊಳಗೆ ಮುಗಿಸೋ ಹಾಗೆ. ಭಾನುವಾರ ಅಂದ್ರೆ ಪೇಟೆಲಿ ಕೆಲಸ ಮಾಡೋ ಹುಡುಗ್ರು ಸಿಗ್ತಾರೆ, ಸೋಮವಾರ ಎತ್ತು ಕಟ್ಟದಿರೋ ಊರಾದ್ರೆ ಸೋಮವಾರ ಹಿರಿಯರು ಸಿಗ್ತಾರೆ. ನಿಮಗೆ ಯಾರು ಬೇಕು ಅಂತ ನೋಡಿ ವಾರ ಆರಿಸ್ಕೊಳ್ಳಿ.

ಹೊರಡೋ ಮುಂಚೆ ಮನೇಲಿ ಕೂತು ಮಾಡೋ ಕೆಲಸ

ಇದನ್ನ ಬಹಳ ಜನ ಬಿಟ್ಟೇಬಿಡ್ತಾರೆ, ಆದ್ರೆ ಅರ್ಧ ಮಜಾ ಇರೋದೇ ಇಲ್ಲಿ. ಬಿ.ಎಲ್. ರೈಸ್ ಅಂತ ಒಬ್ಬರು, 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದೋರು, ಹಳೇ ಮೈಸೂರು ಸೀಮೆ ಮತ್ತೆ ಕೊಡಗಿನ ಶಾಸನಗಳನ್ನೆಲ್ಲಾ ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಅಂತ 12 ಸಂಪುಟ ತಂದ್ರು, ಮೊದಲನೇದು 1886ರಲ್ಲಿ ಬಂತು. ಹೆಚ್ಚುಕಮ್ಮಿ ಒಂದೊಂದು ಸಂಪುಟ ಒಂದೊಂದು ಜಿಲ್ಲೆ ಲೆಕ್ಕ, ಹಾಸನ 5ನೇದು, ಬೆಂಗಳೂರು 9ನೇದು, ಕೋಲಾರ 10ನೇದು, ಚಿತ್ರದುರ್ಗ 11, ತುಮಕೂರು 12, ಹೀಗೆ. ತಾಲೂಕು, ಊರಿನ ಹೆಸರು, ಕಲ್ಲು ಯಾವ ಜಾಗದಲ್ಲಿತ್ತು ಅನ್ನೋದೆಲ್ಲಾ ಅದರಲ್ಲಿದೆ. ಇಂಟರ್ನೆಟ್ ಆರ್ಕೈವಲ್ಲಿ ಸ್ಕ್ಯಾನ್ ಕಾಪಿ ಫ್ರೀಯಾಗೇ ಸಿಗತ್ತೆ. ನಿಮ್ಮೂರಿನ ಹೆಸರು ಹುಡುಕಿ, ಸಿಗದಿದ್ರೆ ಹಳೇ ಸ್ಪೆಲಿಂಗಲ್ಲಿ ಹುಡುಕಿ, ಆಗಲೂ ಸಿಗದಿದ್ರೆ ಅಕ್ಕಪಕ್ಕದ ಊರು, ಮಜರೆ (ಊರಿಗೆ ಸೇರಿದ ಚಿಕ್ಕ ಹಳ್ಳಿ) ಹೆಸರು ನೋಡಿ. ಉತ್ತರ ಕರ್ನಾಟಕ, ಕರಾವಳಿ ಕಡೆಯವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳು, ಹಂಪಿ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ತಂದಿರೋ ಶಾಸನ ಸಂಪುಟಗಳು, ಇವನ್ನ ನೋಡ್ಬೇಕು.

ಪುಸ್ತಕದಲ್ಲಿ "ಊರ ಮುಂದಿನ ಕೆರೆ ಏರಿ ಮೇಲೆ" ಅಂತ ಇರತ್ತೆ, ನೂರಿಪ್ಪತ್ತು ವರ್ಷ ಆದ್ಮೇಲೆ ಆ ಕಲ್ಲು ಅಲ್ಲೇ ಇದ್ಯಾ ಅಂತ ಹೋಗಿ ನೋಡೋದೇ ನಿಮ್ಮ ಗುಂಪಿಗೆ ಮೊದಲ ಕೆಲಸ. ಹುಡುಗರಿಗೆ ಇದಕ್ಕಿಂತ ಒಳ್ಳೇ ಆಟ ಬೇಕಾ ಹೇಳಿ.

ಇನ್ನೊಂದು ಕಡೆ ಗ್ರಾಮ ನಕ್ಷೆ. ಕಂದಾಯ ಇಲಾಖೆದು, ಆನ್‌ಲೈನಲ್ಲೇ ಪಿಡಿಎಫ್ ಸಿಗತ್ತೆ. ಅದರಲ್ಲಿ ಕೆರೆ, ಹಳ್ಳ, ಗುಂಡುತೋಪು (ಊರಿಗೆಲ್ಲಾ ಸೇರಿದ ಮರದ ತೋಪು), ಬಂಡಿದಾರಿ, ದೇವಸ್ಥಾನ, ಬಾವಿ ಎಲ್ಲಾ ಗುರುತು ಹಾಕಿರ್ತಾರೆ, ಈಗ ಸೈಟಾಗಿ ಹೋಗಿರೋ ಕಟ್ಟೆ ಕುಂಟೆಗಳೂ ಕಾಣ್ಬೋದು. ಮೊಬೈಲಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡ್ರೆ ನಿಂತಿರೋ ಜಾಗದ ಸರ್ವೆ ನಂಬರ್ ಬರತ್ತೆ, ಹೊಲದಲ್ಲಿ ನಿಂತು ಇದು ಯಾರ ಜಮೀನು ಅಂತ ತಲೆ ಕೆರ್ಕೊಳ್ಳೋದು ತಪ್ಪತ್ತೆ. ನಕ್ಷೆಲಿ ಜನ ಇಲ್ಲದ ಗ್ರಾಮ, ಅಂದ್ರೆ ದಾಖಲೆಲಿ ಬೇಚಿರಾಕ್ ಅಂತ ಬರೆದಿರೋದು ನಿಮ್ಮೂರ ಪಕ್ಕ ಏನಾದ್ರೂ ಇದ್ರೆ ಬಿಡ್ಲೇಬೇಡಿ. ಊರು ಇತ್ತು, ಯಾವುದೋ ಕಾಲದಲ್ಲಿ ಪ್ಲೇಗೋ ಬರಗಾಲವೋ ಇನ್ನೇನೋ ಆಗಿ ಜನ ಬಿಟ್ಟೋದ್ರು, ಈಗ ಅಲ್ಲಿ ಬೂದು ಮಣ್ಣಿನ ದಿಬ್ಬ, ಮಡಕೆ ಚೂರು, ಒಂದು ಆಂಜನೇಯ ಇಷ್ಟೇ ಉಳಿದಿರತ್ತೆ, ವರ್ಷಕ್ಕೊಂದ್ಸಲ ಹೋಗಿ ಪೂಜೆ ಮಾಡ್ಕೊಂಡು ಬರೋ ಮನೆಗಳು ನಿಮ್ಮೂರಲ್ಲೇ ಇರ್ತಾವೆ. ಅಂಥ ಮನೆಯವರೇ ಆ ಜಾಗಕ್ಕೆ ಗೈಡು.

ಅರಳಿಕಟ್ಟೆ ಮುಂದೆ ರಂಗೋಲಿ ನಕ್ಷೆ

ನಡಿಗೆಗೆ ಒಂದು ವಾರ ಮುಂಚೆ ಒಂದು ಸಂಜೆ ಅರಳಿಕಟ್ಟೆ ಮುಂದೆ ಅಥವಾ ಸ್ಕೂಲ್ ಮೈದಾನದಲ್ಲಿ ಎಲ್ಲರನ್ನೂ ಸೇರಿಸಿ. ನೆಲದ ಮೇಲೆ ರಂಗೋಲಿ ಪುಡಿಲಿ ಊರಿನ ನಕ್ಷೆ ಬರೆಸಿ. ನೀವು ಬರೀಬೇಡಿ, ಪುಡಿ ಡಬ್ಬ ಅಜ್ಜಿಯಂದಿರ ಕೈಗೆ ಕೊಡಿ. ಮೊದಲು ಕೆರೆ, ಆಮೇಲೆ ಬೀದಿ, ಆಮೇಲೆ ಬಾವಿಗಳು. ಐದು ನಿಮಿಷದಲ್ಲಿ ಜಗಳ ಶುರುವಾಗತ್ತೆ, "ಆ ಬಾವಿ ಅಲ್ಲಿರ್ಲಿಲ್ಲ ಕಣೇ, ಸಂತೆ ದಾರೀಲಿತ್ತು", "ನೀನು ಮದುವೆ ಆಗಿ ಬರೋ ಹೊತ್ತಿಗೆ ಅದನ್ನ ಮುಚ್ಚಿದ್ರು ಬಿಡು", ಈ ಜಗಳ ಇದ್ಯಲ್ಲ, ಅದನ್ನೇ ರೆಕಾರ್ಡ್ ಮಾಡ್ಕೊಳ್ಳಿ. ಗಂಡಸರು ಗಡಿ, ಜಮೀನು, ರಸ್ತೆ ಹೇಳ್ತಾರೆ. ಹೆಂಗಸರು ನೀರು ತಂದ ದಾರಿ, ಸೌದೆ ತಂದ ಗುಡ್ಡ, ಬಟ್ಟೆ ಒಗೆದ ಬಂಡೆ, ಸೊಪ್ಪು ಸಿಕ್ತಿದ್ದ ಜಾಗ ಹೇಳ್ತಾರೆ, ಎರಡೂ ಬೇರೆ ಬೇರೆ ಊರಿನ ಹಾಗೆ ಕಾಣತ್ತೆ. ನಕ್ಷೆ ಮುಗಿದ್ಮೇಲೆ ಮೇಲಿಂದ ಒಂದು ಫೋಟೋ ತೆಗೆದು ಹಾಳೆಗೆ ಇಳಿಸ್ಕೊಳ್ಳಿ, ನಡಿಗೆ ದಾರಿ ಅದರ ಮೇಲೇ ಗುರುತು ಮಾಡಿ.

ಕೇಳೋ ಪ್ರಶ್ನೆ ಬಗ್ಗೆ ಒಂದು ಮಾತು. "ತಾತ, ನಮ್ಮೂರಿನ ಇತಿಹಾಸ ಹೇಳಿ" ಅಂದ್ರೆ ಯಾರೂ ಏನೂ ಹೇಳಲ್ಲ, ನಂಗೇನ್ ಗೊತ್ತಪ್ಪ ನಾನೇನ್ ಓದಿದೀನಾ ಅಂತಾರೆ. ಅದರ ಬದ್ಲು "ಹಬ್ಬದಲ್ಲಿ ಮೊದಲ ಪೂಜೆ ಯಾವ ಕಲ್ಲಿಗೆ", "ಮದುವೆ ದಿಬ್ಬಣ ಯಾವ ಜಾಗದಲ್ಲಿ ನಿಂತು ಕಾಯಿ ಒಡೀತಿತ್ತು", "ಕೆರೆ ಕೋಡಿ ಬಿದ್ದಾಗ ಏನ್ ಮಾಡ್ತಿದ್ರಿ", "ದನ ಮೇಯಿಸೋಕೆ ಯಾವ ಕಡೆ ಹೋಗ್ತಿದ್ರಿ, ಯಾವ ಕಡೆ ಹೋಗ್ಬಾರ್ದು ಅಂತಿದ್ರು" ಅಂತ ಕೇಳಿ. ಹೋಗ್ಬಾರ್ದು ಅಂದ ಜಾಗದಲ್ಲಿ ಏನಾದ್ರೂ ಇದ್ದೇ ಇರತ್ತೆ ಅನ್ನೋದು ನನ್ನ ಅನುಭವ.

ಎಲ್ಲರಿಗೂ ಮೊದಲು ಬರೋ ಅನುಮಾನ ನಿಧಿ

ಇದನ್ನ ಮುಚ್ಚಿಟ್ಕೊಳ್ಳೋ ಹಾಗಿಲ್ಲ. ನಾಲ್ಕು ಜನ ಮೊಬೈಲು ಟೇಪು ಹಿಡ್ಕೊಂಡು ಹಳೇ ಕಲ್ಲಿನ ಸುತ್ತ ತಿರುಗಿದ್ರೆ ನಿಧಿಗಳ್ಳರು ಅಂತಾನೇ ಅಂದ್ಕೊಳ್ಳೋದು. ಎಷ್ಟೋ ಊರಲ್ಲಿ ನಿಜವಾಗ್ಲೂ ರಾತ್ರೋರಾತ್ರಿ ವೀರಗಲ್ಲಿನ ಬುಡ, ಗರ್ಭಗುಡಿ ನೆಲ ಅಗೆದು ಹೋಗಿರ್ತಾರೆ, ಜನರ ಭಯ ಸುಮ್ಮನೆ ಅಲ್ಲ. ಹಾಗಾಗಿ ಪಂಚಾಯ್ತಿ ಪಿಡಿಒಗೆ ಒಂದು ಪತ್ರ, ಪೊಲೀಸ್ ಸ್ಟೇಷನ್ನಿಗೆ ಅದರ ಕಾಪಿ, ಜಮೀನಿನವರ ಹತ್ರ ಮುಂಚೆನೇ ಮಾತು, ಗುಡ್ಡ ಅರಣ್ಯದ ಗಡಿ ಒಳಗಿದ್ರೆ ರೇಂಜ್ ಆಫೀಸಲ್ಲಿ ಅನುಮತಿ. ಅಗೆಯೋ ಮಾತೇ ಇಲ್ಲ, ಪಿಕಾಸಿ ಗುದ್ದಲಿ ಯಾರೂ ತರೋ ಹಾಗಿಲ್ಲ ಅಂತ ಎಲ್ಲರ ಮುಂದೆ ಜೋರಾಗಿ ಹೇಳಿ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ, ನೆಲದಲ್ಲಿ ಹೂತಿದ್ದ ಬೆಲೆಬಾಳೋ ವಸ್ತು ಏನಾದ್ರೂ ಸಿಕ್ರೆ ಸರ್ಕಾರಕ್ಕೆ ತಿಳಿಸ್ಲೇಬೇಕು, ಮನೆಗೆ ತಗೊಂಡು ಹೋದ್ರೆ ಅಪರಾಧ. ಸಂರಕ್ಷಿತ ಸ್ಮಾರಕ ಇದ್ರೆ ಅದರ ಬೋರ್ಡಲ್ಲಿ ನಿಯಮ ಬರೆದಿರತ್ತೆ ಓದ್ಕೊಳ್ಳಿ. ಮಡಕೆ ಚೂರು ಕೂಡ ಎತ್ತಿ ಜೇಬಿಗೆ ಹಾಕ್ಕೊಳ್ಳೋದು ಬೇಡ, ಅದು ಬಿದ್ದಿರೋ ಜಾಗನೇ ಅದರ ಕಥೆ, ಎತ್ತಿದ್ರೆ ಬರೀ ಚೂರು.

ಏರಿ ಮೇಲೆ ನಿಂತು ಏನೇನು ನೋಡ್ಬೇಕು

ತೂಬು ಅಂದ್ರೆ ಈಗ ಹುಡುಗರಿಗೆ ಕಬ್ಬಿಣದ ಗೇಟು. ಹಳೇ ತೂಬು ಕೆರೆ ಒಳಗೆ ಎರಡು ಉದ್ದ ಕಲ್ಲಿನ ಕಂಬ, ಮಧ್ಯೆ ತೂತು ಇರೋ ಅಡ್ಡಗಲ್ಲುಗಳು, ಆ ತೂತಿನಲ್ಲಿ ಗೂಟ ಇಳಿಸಿ ಎತ್ತಿ ನೀರು ಬಿಡೋದು. ಕಂಬದ ಮೇಲ್ಗಡೆ ಗಜಲಕ್ಷ್ಮಿ ಕೆತ್ತಿರೋದು ಬಹಳ ಕಡೆ ಇದೆ, ಅಕ್ಷರನೂ ಇರ್ಬೋದು, ಹತ್ರ ಹೋಗಿ ನಾಲ್ಕೂ ಮುಖ ನೋಡಿ. ಏರಿ ಮೇಲೆ, ಇಲ್ಲಾ ಏರಿ ಕೆಳಗೆ ಸಾಲಾಗಿ ಏಳು ಹೆಣ್ಣು ದೇವರು ಕೂತಿರೋ ಕಲ್ಲು ಇದ್ರೆ ಅದು ಸಪ್ತಮಾತೃಕೆಯರು, ಕೋಲಾರ ಬೆಂಗಳೂರು ಕಡೆ ಕೆರೆ ಹತ್ರ ಜಾಸ್ತಿ ಸಿಗತ್ತೆ. ಕೋಡಿ ಕಲ್ಲುಗಳನ್ನ ಗಮನಿಸಿ, ಹಳೇ ದೇವಸ್ಥಾನ ಬಿದ್ದಾಗ ಅದರ ಕಲ್ಲನ್ನ ತಂದು ಕೋಡಿಗೆ ಹಾಕಿರೋದು ಮಾಮೂಲು, ಕಂಬದ ತುಂಡು, ಹೂವಿನ ಪಟ್ಟಿ ತಲೆಕೆಳಗಾಗಿ ಇರ್ತಾವೆ.

ನೆಲದ ಬಗ್ಗೆನೂ ಮಾತಾಡಿ. ಕಲ್ಲು ಎಲ್ಲಿಂದ ಬಂತು ಅಂತ ಕೇಳಿ. ಬಾದಾಮಿ ಪಟ್ಟದಕಲ್ಲು ಕಡೆ ಮರಳುಗಲ್ಲು ಸಿಗತ್ತೆ ಹಾಗಾಗಿ ಚಾಲುಕ್ಯರು ಅದರಲ್ಲಿ ಕಟ್ಟಿದ್ರು, ಹೊಯ್ಸಳರಿಗೆ ಬಳಪದ ಕಲ್ಲು ಸಿಕ್ತು ಅದು ಮೆತ್ತಗೆ ಹಾಗಾಗಿ ಅಷ್ಟು ಸೂಕ್ಷ್ಮ ಕೆತ್ತನೆ, ಬಯಲುಸೀಮೆ ಬಹುಪಾಲು ಗಟ್ಟಿ ಗ್ರಾನೈಟು ಜಾತಿ ಬಂಡೆ ಹಾಗಾಗಿ ಅಲ್ಲಿನ ವೀರಗಲ್ಲಲ್ಲಿ ಗೆರೆ ಕಮ್ಮಿ ಗಾತ್ರ ಜಾಸ್ತಿ. ಊರ ಪಕ್ಕದ ಬಂಡೆ ಮೇಲೆ ಒಂದೇ ಸಾಲಲ್ಲಿ ಚೌಕ ಚೌಕ ಗುಳಿ ಕಂಡ್ರೆ ಅಲ್ಲಿ ಬೆಣೆ ಹೊಡೆದು ಕಲ್ಲು ಸೀಳಿದಾರೆ ಅಂತ. ಬಂಡೆ ಮೇಲೆ ದೋಣಿ ಆಕಾರದಲ್ಲಿ ನುಣ್ಣಗೆ ತೇದ ಗುಳಿ ಇದ್ರೆ ಇನ್ನೂ ಹಳೇದಿರ್ಬೋದು, ಹೊಸ ಶಿಲಾಯುಗದೋರು ಕಲ್ಲಿನ ಕೊಡಲಿ ಉಜ್ಜಿದ ಗುರುತು. ಬಳ್ಳಾರಿ ಹತ್ರ ಸಂಗನಕಲ್ಲು ಗುಡ್ಡಗಳಲ್ಲಿ ಇಂಥದ್ದು ತುಂಬಾ ಇದೆ, ಆ ಸೀಮೆಲಿ ಸಗಣಿ ಸುಟ್ಟು ಸುಟ್ಟು ಆದ ಬೂದಿದಿಬ್ಬಗಳೂ ಇವೆ, ಸಾವಿರಾರು ವರ್ಷದ ಹಿಂದೆ ದನ ಸಾಕಿದೋರ ದೊಡ್ಡಿ ಜಾಗ. ಗುಡ್ಡದ ಮೇಲೆ ಚಪ್ಪಡಿ ಕಲ್ಲಲ್ಲಿ ಕಟ್ಟಿದ ಚಿಕ್ಕ ಮನೆ ಥರದ್ದು ಇದ್ರೆ ಊರವರು ಪಾಂಡವರ ಮನೆ ಅಂತಾನೋ ಮೋರೇರ ಮನೆ ಅಂತಾನೋ ಕರೀತಾರೆ, ಅವು ಬೃಹತ್ ಶಿಲಾ ಸಮಾಧಿಗಳು, ಕೊಪ್ಪಳ ಜಿಲ್ಲೆ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರಿವೆ.

ಗುಂಡುತೋಪು ಉಳಿದಿದ್ರೆ ಮರ ಎಣಿಸೋ ಕೆಲಸ ಮಕ್ಕಳಿಗೆ ಕೊಡಿ. ಹುಣಸೆ, ಇಪ್ಪೆ, ನೇರಳೆ, ಮಾವು, ಯಾವುದು ಎಷ್ಟು, ಎದೆಮಟ್ಟದಲ್ಲಿ ಸುತ್ತಳತೆ ಎಷ್ಟು. ದೇವನಹಳ್ಳಿ ಹತ್ರ ನಲ್ಲೂರಿನ ಹುಣಸೆ ತೋಪನ್ನ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಮಾಡಿದ್ರು, ದೇಶದಲ್ಲೇ ಅದು ಮೊದಲನೇದು. ಪಂಚಾಯ್ತಿಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಕಾನೂನು ಪ್ರಕಾರ ಇರ್ಬೇಕು, ಕಾಗದದ ಮೇಲಾದ್ರೂ ಇರತ್ತೆ, ನಿಮ್ಮ ಮರದ ಪಟ್ಟಿ ಅವರಿಗೆ ಕೊಟ್ರೆ ಅವರ ದಾಖಲಾತಿಗೆ ಸೇರಿಸ್ಕೊಳ್ಬೋದು.

ವೀರಗಲ್ಲು ಓದೋದು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಓದು ಬರಹ ಬರದಿರೋರೂ ಓದೋ ಹಾಗೆ ಮಾಡಿರೋ ಕಲ್ಲು ಇದು, ಕೆಳಗಿಂದ ಮೇಲಕ್ಕೆ ಓದ್ಬೇಕು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದ್ರಲ್ಲಿ ಜಗಳ, ಬಿಲ್ಲು ಬಾಣ ಕತ್ತಿ, ದನಗಳು ಇದ್ರೆ ತುರುಗೋಳು, ಅಂದ್ರೆ ಊರಿನ ದನ ಹೊಡ್ಕೊಂಡು ಹೋಗೋಕೆ ಬಂದೋರ ಜೊತೆ ಹೋರಾಡಿ ಸತ್ತೋನು. ಹುಲಿನೋ ಹಂದಿನೋ ಇದ್ರೆ ಬೇಟೆಲಿ ಸತ್ತಿದ್ದು. ಮಧ್ಯದ ಅಂಕಣದಲ್ಲಿ ಅಪ್ಸರೆಯರು ಅವನ ತೋಳು ಹಿಡ್ಕೊಂಡು ಮೇಲಕ್ಕೆ ಕರ್ಕೊಂಡು ಹೋಗ್ತಿರ್ತಾರೆ. ಮೇಲಿನದ್ರಲ್ಲಿ ಲಿಂಗದ ಮುಂದೆ ಕೈ ಮುಗಿದು ಕೂತಿರ್ತಾನೆ, ಜೈನನಾದ್ರೆ ಲಿಂಗದ ಜಾಗದಲ್ಲಿ ಜಿನ. ತುದಿಲಿ ಸೂರ್ಯ ಚಂದ್ರ, ಅವಿರೋ ತನಕ ಇವನ ಹೆಸರು ಇರ್ಲಿ ಅಂತ. ಪಕ್ಕದಲ್ಲೇ ಕಂಬದಿಂದ ಒಂದು ಕೈ ಚಾಚಿಕೊಂಡು, ಬಳೆ ತೊಟ್ಟು, ಬೆರಳ ಮಧ್ಯೆ ನಿಂಬೆಹಣ್ಣು ಇರೋ ಕಲ್ಲಿದ್ರೆ ಅದು ಮಾಸ್ತಿಕಲ್ಲು, ಗಂಡನ ಚಿತೆ ಏರಿದ ಹೆಂಗಸಿಂದು. ಅದನ್ನ ತೋರಿಸ್ವಾಗ ವೈಭವ ಮಾಡಿ ಹೇಳ್ಬೇಡಿ, ಇದ್ದಿದ್ದನ್ನ ಇದ್ದ ಹಾಗೆ ಹೇಳಿ, ಹೆಣ್ಣುಮಕ್ಕಳು ಕೇಳೋ ಪ್ರಶ್ನೆಗೆ ಜಾಗ ಬಿಡಿ.

ವೀರಗಲ್ಲು ಅಂದ್ರೆ ಬರೀ ದೊಡ್ಡೋರದ್ದು ಅನ್ಕೋಬೇಡಿ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಕ್ರಿ.ಶ. 949-50ರದ್ದು, ಗಂಗರ ಎರಡನೇ ಬೂತುಗನ ಹತ್ರ ಇದ್ದ ಮಣಲೇರ ಅನ್ನೋ ವೀರ ಯುದ್ಧದಲ್ಲಿ ಗೆದ್ದಾಗ ಏನು ಬೇಕು ಕೇಳು ಅಂದ್ರೆ ಕಾಳಿ ಅನ್ನೋ ನಾಯಿ ಕೊಡಿ ಅಂದ, ಆ ನಾಯಿ ಒಂದು ದೊಡ್ಡ ಹಂದಿ ಜೊತೆ ಕಾದಾಡಿ ಎರಡೂ ಸತ್ತವು, ಆ ನಾಯಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಲ್ಲಿದೆ. ಮಕ್ಕಳ ಮುಂದೆ ಈ ಕಥೆ ಹೇಳಿ ನೋಡಿ, ಆಮೇಲೆ ಊರಿನ ಪ್ರತಿ ಕಲ್ಲಲ್ಲೂ ನಾಯಿ ಹುಡುಕ್ತಾರೆ.

ಅಕ್ಷರ ಇದ್ರೆ ಹೇಗೆ ಫೋಟೋ ತೆಗೆಯೋದು ಅನ್ನೋದು ಮುಖ್ಯ. ನಡುಮಧ್ಯಾಹ್ನ ನೇರ ಬಿಸಿಲಲ್ಲಿ ತೆಗೆದ್ರೆ ಏನೂ ಕಾಣಲ್ಲ, ಕಲ್ಲು ಬೋಳು. ಬೆಳಗ್ಗೆ ಬೇಗ ಅಥವಾ ಸಂಜೆ ಬಿಸಿಲು ಪಕ್ಕದಿಂದ ಬೀಳ್ವಾಗ ತೆಗೀರಿ. ಅದಕ್ಕಿಂತ ಒಳ್ಳೇದು ಕತ್ತಲಾದ್ಮೇಲೆ ಟಾರ್ಚ್: ಒಬ್ಬರು ಕಲ್ಲಿಗೆ ಎದುರಾಗಿ ಮೊಬೈಲ್ ಅಲ್ಲಾಡದ ಹಾಗೆ ಹಿಡೀಲಿ, ಇನ್ನೊಬ್ಬರು ಟಾರ್ಚನ್ನ ಕಲ್ಲಿನ ಪಕ್ಕಕ್ಕೆ ತಂದು, ಹೆಚ್ಚುಕಮ್ಮಿ ಕಲ್ಲಿನ ಮೈಗೇ ತಾಗಿಸಿದ ಹಾಗೆ ಅಡ್ಡ ಹಿಡಿದು, ಬೆಳಕು ಮೈ ಮೇಲೆ ಸವರ್ಕೊಂಡು ಹೋಗೋ ಥರ ಹಿಡೀಲಿ. ಅಲ್ಲಿ ತನಕ ಇಲ್ಲದ ಗೆರೆಗಳು ಎದ್ದು ಬರ್ತಾವೆ, ಒಂದೊಂದು ಗೀರಿನ ಒಳಗೂ ನೆರಳು ತುಂಬ್ಕೊಂಡು ಸಾಲು ಸಾಲು ಅಕ್ಷರ ಕಾಣತ್ತೆ, ಎಡದಿಂದ ಒಂದ್ಸಲ, ಬಲದಿಂದ ಒಂದ್ಸಲ, ಮೇಲಿಂದ ಒಂದ್ಸಲ ತೆಗೀರಿ, ಒಂದರಲ್ಲಿ ಕಾಣದ ಒತ್ತಕ್ಷರ ಇನ್ನೊಂದರಲ್ಲಿ ಸಿಗತ್ತೆ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಒಂದು ಫೋಟೋ, ಸುತ್ತಲ ಜಾಗ ಕಾಣೋ ಹಾಗೆ ದೂರದಿಂದ ಒಂದು ಫೋಟೋ ಇರ್ಲೇಬೇಕು.

ಸೀಮೆಸುಣ್ಣ ತುಂಬ್ಬೇಡಿ, ಮೈದಾ ಬಳೀಬೇಡಿ, ತಂತಿ ಬ್ರಷ್ಷಲ್ಲಿ ಉಜ್ಜಬೇಡಿ, ಆ್ಯಸಿಡ್ ಅಂತೂ ಹತ್ರನೇ ತರ್ಬೇಡಿ. ಧೂಳಿದ್ರೆ ಮೆತ್ತನೆ ಬಟ್ಟೆ, ಬರೀ ನೀರು ಸಾಕು. ಊರವರು ಎಣ್ಣೆ ಕುಂಕುಮ ಹಾಕಿ ಪೂಜೆ ಮಾಡೋ ಕಲ್ಲಾದ್ರೆ ಪೂಜಾರಪ್ಪನ್ನ ಕೇಳದೆ ಮುಟ್ಟಲೇಬೇಡಿ, ಪೂಜೆ ಇರೋದ್ರಿಂದ್ಲೇ ಆ ಕಲ್ಲು ಇಷ್ಟು ವರ್ಷ ಉಳಿದಿರೋದು.

ಹಳಗನ್ನಡ ಓದೋಕೆ ಬರದಿದ್ರೂ ಕೆಲವು ಗುರುತು ಹಿಡೀಬೋದು. ಶುರುವಲ್ಲಿ "ಸ್ವಸ್ತಿ ಶ್ರೀ", ಆಮೇಲೆ ಶಕವರುಷ ಇಷ್ಟನೇ ಅಂತ, ಅದಕ್ಕೆ 78 ಕೂಡಿಸಿದ್ರೆ ಕ್ರಿಸ್ತಶಕ ಬರತ್ತೆ. ಮಧ್ಯೆ ರಾಜನ ಬಿರುದು ಉದ್ದಕ್ಕೆ, ಆಮೇಲೆ ಕೊಟ್ಟ ಭೂಮಿ, ಅದರ ಗಡಿ. ಈ ಗಡಿ ಭಾಗ ಬಿಡ್ಬೇಡಿ, ಮೂಡಲಿಗೆ ಇಂಥ ಹಳ್ಳ, ಪಡುವಲಿಗೆ ಇಂಥ ಕಟ್ಟೆ ಅಂತಿರತ್ತೆ, ಇವತ್ತೂ ಆ ಹಳ್ಳ ಅಲ್ಲೇ ಇರತ್ತೆ, ನಿಂತು ತೋರಿಸ್ಬೋದು. ಕೊನೇಲಿ ಇದನ್ನ ಕೆಡಿಸಿದೋರಿಗೆ ವಾರಣಾಸಿಲಿ ಕವಿಲೆ, ಅಂದ್ರೆ ಹಸು, ಕೊಂದ ಪಾಪ ಅನ್ನೋ ಶಾಪ. ಪೂರ್ತಿ ಓದೋಕೆ ಫೋಟೋಗಳನ್ನ ವಿಶ್ವವಿದ್ಯಾಲಯದ ಶಾಸನ ವಿಭಾಗದೋರಿಗೋ, ಮೈಸೂರಲ್ಲಿರೋ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ಶಾಖೆಗೋ ಕಳಿಸಿ. ಊಹೆ ಮಾಡಿ ಬೋರ್ಡ್ ಬರೆಸೋಕೆ ಹೋಗ್ಬೇಡಿ, ಇದು ನಮ್ಮ ಜಾತಿ ವೀರ ನಿಮ್ಮ ಜಾತಿ ವೀರ ಅಂತ ಜಗಳ ಹತ್ತಿದ್ರೆ ಕಲ್ಲು ಏನು ಹೇಳತ್ತೋ ಅಷ್ಟಕ್ಕೇ ನಿಲ್ಲಿಸಿ.

ಸಣ್ಣಪುಟ್ಟ ಆದ್ರೆ ಮರೀಬಾರ್ದು

ಬಂಡೆ ಸಂದಿ, ಕೋಟೆ ಗೋಡೆಲಿ ಹೆಜ್ಜೇನು ಇದ್ರೆ ದೂರದಿಂದ್ಲೇ ವಾಪಸ್ ಬನ್ನಿ, ಸೆಂಟು ಹಾಕ್ಕೊಂಡು ಬರೋದು, ಕಿರುಚೋದು, ಹೊಗೆ, ಡ್ರೋನ್ ಯಾವುದೂ ಬೇಡ. ಕಟ್ಟೆ ಇಲ್ಲದ ಹಾಳುಬಾವಿ ಹತ್ರ ಮಕ್ಕಳನ್ನ ಒಬ್ಬರು ದೊಡ್ಡೋರು ತಡ್ದು ನಿಲ್ಲಿಸ್ಬೇಕು. ನಡೆಯೋಕಾಗದ ಹಿರಿಯರಿಗೆ ಒಂದು ಆಟೋನೋ ಟ್ರ್ಯಾಕ್ಟರ್ರೋ ಇಟ್ಕೊಳ್ಳಿ, ಅವರಿಲ್ಲದೆ ಏರಿ ಮೇಲೆ ಹೋಗಿ ಏನ್ ಮಾಡ್ತೀರಾ.

ಫೋಟೋಗಳನ್ನ ವಾಟ್ಸಾಪಲ್ಲಿ ಮಾಮೂಲಿ ಥರ ಕಳಿಸಿದ್ರೆ ಸೈಜೂ ಕುಗ್ಗತ್ತೆ, ಲೊಕೇಶನ್ ಮಾಹಿತಿನೂ ಹಾರೋಗತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ ಇಲ್ಲಾ ಒಂದು ಡ್ರೈವ್ ಫೋಲ್ಡರಿಗೆ ಹಾಕಿಸಿ. ಪ್ರತಿ ಕಲ್ಲಿಗೂ ಒಂದು ಹಾಳೆ: ಜಾಗ, ಸರ್ವೆ ನಂಬರ್, ಎತ್ತರ ಅಗಲ, ಯಾವ ದಿಕ್ಕಿಗೆ ಮುಖ, ಊರವರು ಏನಂತ ಕರೀತಾರೆ, ಯಾರು ಹೇಳಿದ್ದು, ಈಗ ಹೇಗಿದೆ. ಒಂಟಿಯಾಗಿ ಹೊಲದಲ್ಲೋ ಕಾಡಲ್ಲೋ ಇರೋ ಕಲ್ಲಿನ ನಿಖರ ಲೊಕೇಶನ್ ಫೇಸ್‌ಬುಕ್ಕಲ್ಲಿ ಹಾಕ್ಬೇಡಿ, ನೀವೇ ಕಳ್ಳರಿಗೆ ದಾರಿ ತೋರಿಸಿದ ಹಾಗೆ ಆಗತ್ತೆ.

ನಡಿಗೆ ಆದ್ಮೇಲೆ

ಉತ್ಸಾಹ ಬಂದು ಎಲ್ಲರೂ ಮಾಡೋ ಕೆಲಸ ಅಂದ್ರೆ ಬಿದ್ದ ಕಲ್ಲನ್ನ ಜೆಸಿಬಿಲಿ ಎತ್ತಿಸಿ ದೇವಸ್ಥಾನದ ಮುಂದೆ ತಂದು ಸಿಮೆಂಟ್ ಹಾಕಿ ಆಯಿಲ್ ಪೇಂಟ್ ಬಳಿಯೋದು. ದಯವಿಟ್ಟು ಬೇಡ. ಇದ್ದ ಜಾಗದಲ್ಲೇ ಇರ್ಲಿ, ನಿಜವಾಗ್ಲೂ ರಸ್ತೆ ಕೆಲಸಕ್ಕೋ ಲೇಔಟಿಗೋ ಹೋಗೋ ಹಾಗಿದ್ರೆ ತಹಶೀಲ್ದಾರ್‌ಗೂ ರಾಜ್ಯ ಪುರಾತತ್ವ ಇಲಾಖೆಗೂ ಫೋಟೋ ಸಮೇತ ಬರೆದು, ಗ್ರಾಮಸಭೆಲಿ ಒಂದು ನಿರ್ಣಯ ಮಾಡಿಸಿ. ಕೆರೆ ಹೂಳೆತ್ತೋ ಕೆಲಸ ಬಂದ್ರೆ ಕಂಟ್ರಾಕ್ಟರ್ ಹತ್ರ, ಮಷಿನ್ ಓಡ್ಸೋ ಹುಡುಗನ ಹತ್ರ ಮೊದಲೇ ಹೋಗಿ ಮಾತಾಡಿ, ಕೆತ್ತನೆ ಕಲ್ಲು ಬಂದ್ರೆ ಒಂದು ಫೋನ್ ಮಾಡಪ್ಪ ಅಂತ. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಿದ್ದು 2018ರಲ್ಲಿ ಚರಂಡಿ ಅಗೆಯೋವಾಗ, ಅಲ್ಲಿನ ಜನ ಸೇರಿ ಅದಕ್ಕೊಂದು ಮಂಟಪನೂ ಕಟ್ಟಿಸಿದ್ರು. ಬೇಗೂರಿನ ಕಲ್ಲಲ್ಲಿ "ಬೆಂಗಳೂರ ಕಾಳಗ" ಅಂತ ಸುಮಾರು 890ರಲ್ಲೇ ಇರೋದೂ ಒಂದು ವೀರಗಲ್ಲೇ ತಾನೇ.

ಹಾಳೆಗಳ ಒಂದು ಸೆಟ್ ಪಂಚಾಯ್ತಿ ಲೈಬ್ರರಿಗೆ, ಒಂದು ಸ್ಕೂಲಿಗೆ, ಒಂದು ಕಥೆ ಹೇಳಿದ ಮನೆಗಳಿಗೆ ಕೊಡಿ, ರೆಕಾರ್ಡಿಂಗ್‌ನ ಅವರ ಮೊಮ್ಮಕ್ಕಳ ಫೋನಿಗೆ ಹಾಕ್ಕೊಡಿ. ಆಮೇಲೆ ನಿಮ್ಮ ಕೆರೆ ಕೋಡಿ ನೀರು ಯಾವ ಊರಿನ ಕೆರೆಗೆ ಹೋಗತ್ತೋ ಆ ಊರಿನವರನ್ನ ಮಾತಾಡ್ಸಿ. ಬಯಲುಸೀಮೆಲಿ ಕೆರೆಗಳು ಒಂದರ ಕೆಳಗೊಂದು ಸರಪಳಿ ಥರ ಇರ್ತಾವೆ, ಮೇಲಿನ ಊರಿನ ಕಲ್ಲಲ್ಲಿ ಬರೋ ಗಡಿ ಕೆಳಗಿನ ಊರಿನ ಹೊಲದಲ್ಲಿ ಸಿಗತ್ತೆ. ಅದೇ ಹಾಳೆ, ಅದೇ ಪ್ರಶ್ನೆ, ಅದೇ ಅಳತೆ ಇಟ್ಕೊಂಡ್ರೆ ಎರಡೂ ಊರಿಂದು ಜೋಡಿಸೋದು ಸುಲಭ. ಅವರ ಕಡೆ ಒಬ್ಬ ಮೇಷ್ಟ್ರನ್ನೋ ಆಶಾ ಕಾರ್ಯಕರ್ತೆನೋ ಹಿಡೀರಿ, ಮನೆ ಮನೆ ಗೊತ್ತಿರೋದು ಅವರಿಗೇ.